ಕರ್ಸ್ಟನ್‌ಬಾಷ್ ಸಸ್ಯೋದ್ಯಾನ: ನೋಡಲು ಅರ್ಧ ದಿನ ಸಾಲದು

ಕೇಪ್‌ಟೌನ್‌ನ ಟೇಬಲ್ ಮೌಂಟನ್ ಬೆಟ್ಟದ ಪೂರ್ವ ಇಳಿಜಾರಿನಲ್ಲಿ 1913ರಲ್ಲಿ ಸ್ಥಾಪನೆಯಾದ ಈ ಉದ್ಯಾನವನ್ನು ಬರಿಯ ವಿಹಾರತಾಣವೆಂದು ತಿಳಿದು ಹೋದವರು ಅರ್ಧವನ್ನಷ್ಟೇ ನೋಡಿ ಮರಳುತ್ತಾರೆ. ಸುಮಾರು 9,000 ಸಸ್ಯ ಪ್ರಭೇದಗಳಿರುವ, ಅವುಗಳಲ್ಲಿ ಹೆಚ್ಚಿನವು ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯದ ಕೇಪ್ ಸೀಮೆಯ ಸಸ್ಯಸಂಪತ್ತನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಇಲ್ಲಿನ ಕಾಂಪ್ಟನ್ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಮಾದರಿಗಳನ್ನು ಆಧರಿಸಿ ವರ್ಗೀಕರಣದ ಸಂಶೋಧನೆಯೂ ನಡೆಯುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಪ್ರೋಟಿಯಾ ಎಂಬ ಹೂಗಿಡಗಳ ತೋಟ. ಬಟ್ಟಲಿನಷ್ಟು ದೊಡ್ಡದಾದ ಕಿಂಗ್ ಪ್ರೋಟಿಯಾವನ್ನು ಬಾಗಿ ನೋಡಿದಾಗ, ದಳಗಳೆಂದು ಭಾವಿಸಿದ್ದವು ಬಣ್ಣ ತಳೆದ ಎಲೆಗಳೆಂದೂ, ನಿಜವಾದ ಹೂಗಳು ನಡುವೆ ಸಣ್ಣದಾಗಿ ಒತ್ತೊತ್ತಾಗಿ ನಿಂತಿವೆಯೆಂದೂ ತಿಳಿಯಿತು. ನಮ್ಮ ಕೊಡಗಿನ ಕಾಫಿ ತೋಟಗಳಿಗೆ ನೆರಳಾಗಿರುವ, ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕೂಡ ಇದೇ ಕುಟುಂಬದ್ದು, ಓಕ್ ಎಂಬುದು ಹೆಸರಿಗಷ್ಟೇ. ಈ ಕುಟುಂಬವು ಬಹುಪಾಲು ದಕ್ಷಿಣ ಗೋಳಾರ್ಧದಲ್ಲೇ ಹರಡಿರುವುದಕ್ಕೆ ದಕ್ಷಿಣದ ನೆಲಗಳೆಲ್ಲ ಒಂದಾಗಿದ್ದ ಪ್ರಾಚೀನ ಗೊಂಡ್ವಾನಾ ಭೂಖಂಡ ಒಡೆದದ್ದೂ, ಆ ಬಳಿಕ ಬೀಜಗಳು ಸಾಗರ ದಾಟಿದ್ದೂ ಕಾರಣವೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. 1660ರಲ್ಲಿ ಡಚ್ಚರು ಗಡಿಬೇಲಿಯಾಗಿ ನೆಟ್ಟ ಕಾಡುಬಾದಾಮಿಯ ಸಾಲಿನ ಒಂದು ಭಾಗ ಇಲ್ಲಿ ಇಂದಿಗೂ ಉಳಿದಿದೆ. ಅದೂ ಪ್ರೋಟಿಯಾದ ನೆಂಟನೇ.

ಮರಗಳ ನೆತ್ತಿಯ ಮೇಲಿನ ನಡೆದಾರಿ ಚೆನ್ನಾಗಿದೆ. ಹೂವಿಗಾಗಿಯೇ ಹೋಗುವವರು ಅಲ್ಲಿನ ವಸಂತ ಸೆಪ್ಟೆಂಬರ್‌ನಲ್ಲಿ ಎಂಬುದನ್ನು ಮರೆಯದೆ ಟಿಕೆಟ್ ಕಾಯ್ದಿರಿಸಬೇಕು.