ಕರ್ನಲ್ ಬಿಲ್ಡ್ ಮಧ್ಯೆ ಜಿಸಿಸಿ ಕ್ರ್ಯಾಶ್: ಯಾವ ಪರೀಕ್ಷೆ ನಂಬಬೇಕು?

ಮಡಿಕೇರಿಯಲ್ಲಿ ಮಳೆ ಹಿಡಿದ ಮೇಲೆ ನನ್ನ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಿಲ್ಡ್, ಅಂದರೆ ಸೋರ್ಸ್ ಕೋಡಿನಿಂದ ಅದನ್ನು ಕಟ್ಟುವ ಕೆಲಸ, ಪೂರ್ತಿಯಾಗುವುದೇ ಕಷ್ಟವಾಯಿತು. 'ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಶನ್ ಫಾಲ್ಟ್' ಅಂತ ಕಂಪೈಲರ್ ಆದ ಜಿಸಿಸಿ ನಿಂತುಬಿಡುತ್ತಿತ್ತು. ಒಮ್ಮೆ ಫೈಲ್‌ಸಿಸ್ಟಮ್ ಕೋಡಿನಲ್ಲಿ, ಇನ್ನೊಮ್ಮೆ ಯಾವುದೋ ಡ್ರೈವರ್‌ನಲ್ಲಿ. ಬಿಲ್ಡ್ ಓಡಿಸುವ ಮೇಕ್ ಕಮಾಂಡ್ ಮತ್ತೆ ಕೊಟ್ಟರೆ ಅದೇ ಫೈಲ್ ಸಲೀಸಾಗಿ ದಾಟುತ್ತಿತ್ತು. ಕಂಪೈಲರ್‌ನ ಬಗ್ ಆಗಿದ್ದರೆ ಪ್ರತಿ ಸಲ ಅದೇ ಜಾಗದಲ್ಲಿ ಬೀಳಬೇಕಲ್ವಾ? ಜಾಗ ಬದಲಾಗುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ.

ಒಂದು ವಿಷಯ ಮೊದಲೇ ಬೇರೆ ಮಾಡಿಕೊಳ್ಳಿ. ಸಿಗ್ನಲ್ 11 (ಸೆಗ್ಮೆಂಟೇಶನ್ ಫಾಲ್ಟ್) ಬದಲು ಸಿಗ್ನಲ್ 9, 'ಕಿಲ್ಡ್' ಅಂತ ಬಂದರೆ ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದಿರುವ ಸಾಧ್ಯತೆ ಜಾಸ್ತಿ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ನೋಡಿದರೆ ಗೊತ್ತಾಗುತ್ತದೆ. ಮೇಕ್‌ನ ಜೆ ಸಂಖ್ಯೆ (ಒಟ್ಟಿಗೆ ಓಡುವ ಕೆಲಸಗಳ ಸಂಖ್ಯೆ) ಇಳಿಸಿದರೆ ಅದು ಸರಿಹೋಗುತ್ತದೆ.

ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮ್‌ಗಳಲ್ಲಿ ಮೆಮ್‌ಟೆಸ್ಟರ್ ಸುಲಭ. ಸಿಸ್ಟಮ್ ನಡೆಯುತ್ತಿರುವಾಗಲೇ ಓಡಿಸಬಹುದು. ಆದರೆ ಕರ್ನಲ್ ಮತ್ತು ಬೇರೆ ಪ್ರೋಗ್ರಾಮ್‌ಗಳು ಹಿಡಿದುಕೊಂಡ ಮೆಮೊರಿ ಅದರ ಕೈಗೆ ಸಿಗುವುದಿಲ್ಲ. ನನ್ನಲ್ಲಿ ಅದು ಏನೂ ತಪ್ಪು ತೋರಿಸಲಿಲ್ಲ, ಬಿಲ್ಡ್ ಮಾತ್ರ ಬೀಳುತ್ತಲೇ ಇತ್ತು.

ಮೆಮ್‌ಟೆಸ್ಟ್86+ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ಹೆಚ್ಚುಕಡಿಮೆ ಇಡೀ ರ‍್ಯಾಮ್ ಜಾಲಾಡುತ್ತದೆ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಯುಇಎಫ್‌ಐ (ಹಳೆಯ ಬಯೋಸ್ ಜಾಗಕ್ಕೆ ಬಂದ ಬೂಟ್ ವ್ಯವಸ್ಥೆ) ಯಂತ್ರಗಳಲ್ಲೂ ನಡೆಯುತ್ತದೆ. ಕೆಟ್ಟ ಅಡ್ರೆಸ್ಸನ್ನೇ ತೋರಿಸುವುದು ಇದರ ದೊಡ್ಡ ಗುಣ. ತೊಂದರೆ ಸಮಯದ್ದು. ರಾತ್ರಿಯಿಡೀ ಬಿಡಬೇಕು, ನಮ್ಮಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಹೋಗುತ್ತಲೇ ಇರುತ್ತದೆ. ಯುಪಿಎಸ್ ಕೈಕೊಟ್ಟರೆ ಪರೀಕ್ಷೆ ಮತ್ತೆ ಮೊದಲಿನಿಂದ.

ನನಗೆ ಹೆಚ್ಚು ನಂಬಿಕೆ ಬಂದಿದ್ದು ಕರ್ನಲ್ ಬಿಲ್ಡ್ ಮೇಲೆಯೇ. ಎಲ್ಲ ಕೋರ್‌ಗಳೂ ದುಡಿಯುತ್ತವೆ, ಬಿಸಿ ಏರುತ್ತದೆ, ಡಿಸ್ಕ್ ಓಡುತ್ತದೆ, ಪವರ್ ಸಪ್ಲೈ ಮೇಲೂ ಭಾರ ಬೀಳುತ್ತದೆ. ಜಿಸಿಸಿ ತನ್ನ ಮೆಮೊರಿ ತುಂಬ ಪಾಯಿಂಟರ್‌ಗಳನ್ನು, ಅಂದರೆ ಮೆಮೊರಿ ಅಡ್ರೆಸ್‌ಗಳನ್ನು, ಇಟ್ಟುಕೊಳ್ಳುತ್ತದೆ. ಒಂದು ಪಾಯಿಂಟರ್‌ನಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಇಲ್ಲದ ಅಡ್ರೆಸ್‌ಗೆ ಕೈ ಹಾಕಿ ಬೀಳುತ್ತದೆ. ಹಾಗಾಗಿ ಕ್ಲೀನ್ ಮಾಡಿ, ಬಿಲ್ಡ್ ಮಾಡಿ, ಮತ್ತೆ ಮಾಡಿ. ಇಲ್ಲಿ ಒಂದು ಮೋಸವಿದೆ: ಕೆಟ್ಟ ಬಿಟ್ ಪೇಜ್ ಕ್ಯಾಶ್‌ನೊಳಗೆ (ಡಿಸ್ಕ್‌ನಿಂದ ಓದಿದ ಫೈಲ್‌ಗಳನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕೂತಿದ್ದರೆ ಅದೇ ಫೈಲ್ ಪ್ರತಿ ಸಲ ಬೀಳುತ್ತದೆ, ಥೇಟ್ ಬಗ್‌ನಂತೆ. ರೀಬೂಟ್ ಮಾಡಿ ನೋಡದೆ ಬಗ್ ರಿಪೋರ್ಟ್ ಹಾಕಬೇಡಿ. ಆದರೆ ಬಿಲ್ಡ್ ಬಿತ್ತು ಅಂತ ಹೇಳುತ್ತದೆಯೇ ಹೊರತು ತಪ್ಪು ಯಾರದ್ದು ಅಂತ ಹೇಳುವುದಿಲ್ಲ. ರ‍್ಯಾಮ್, ಪ್ರೊಸೆಸರ್, ಪವರ್ ಸಪ್ಲೈ, ಯಾವುದೂ ಆಗಿರಬಹುದು.

ಅದಕ್ಕೇ ಕೊನೆಗೆ ಮೆಮೊರಿ ಸ್ಟಿಕ್ ಅದಲುಬದಲು. ಮೊದಲು ಎಕ್ಸ್‌ಎಂಪಿ (ಮೆಮೊರಿ ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ ವೇಗ ಇಳಿಸಿ ನೋಡಿದೆ, ಕ್ರ್ಯಾಶ್ ನಿಲ್ಲಲಿಲ್ಲ. ಥಂಡಿಗೆ ಕಾಂಟ್ಯಾಕ್ಟ್ ಮಂಕಾಗಿರಬಹುದು ಅಂತ ಎರೇಸರ್‌ನಲ್ಲಿ ಮೆತ್ತಗೆ ಉಜ್ಜಿ ಮತ್ತೆ ಕೂರಿಸಿದೆ, ಉಪಯೋಗವಾಗಲಿಲ್ಲ. ಎರಡರಲ್ಲಿ ಒಂದೇ ಸ್ಟಿಕ್ ಹಾಕಿ ಬಿಲ್ಡ್ ಬಿಟ್ಟೆ. ಒಂದರಲ್ಲಿ ಸಲೀಸು. ಇನ್ನೊಂದನ್ನು ಅದೇ ಸ್ಲಾಟ್‌ಗೆ ಹಾಕಿದೆ, ಬಿತ್ತು. ಸ್ಲಾಟ್ ಅದೇ ಆದ್ದರಿಂದ ತಪ್ಪು ಸ್ಟಿಕ್‌ನದ್ದೇ. ಆಮೇಲೆ ಆ ಕೆಟ್ಟ ಸ್ಟಿಕ್ ಒಂದನ್ನೇ ಮೆಮ್‌ಟೆಸ್ಟ್86+ಗೆ ಕೊಟ್ಟೆ. ಅರ್ಧ ರ‍್ಯಾಮ್ ಆದ್ದರಿಂದ ಕರೆಂಟ್ ಹೋಗುವ ಮೊದಲೇ ಕೆಂಪು ಸಾಲುಗಳು ಬಂದವು. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.

ಹೊಸ ಸ್ಟಿಕ್ ಬರುವವರೆಗೆ ಉಳಿದ ಒಂದರಲ್ಲೇ, ಜೆ ಸಂಖ್ಯೆ ಅರ್ಧಕ್ಕೆ ಇಳಿಸಿ ಕೆಲಸ ನಡೆಸುತ್ತಿದ್ದೇನೆ. ನಿಧಾನ, ಆದರೆ ಬಿಲ್ಡ್ ಪೂರ್ತಿಯಾಗುತ್ತಿದೆ.