ಅಡಿಕೆ ದರದ ಸೈಟು, ಸಾವಿರಾರು ಪುಟ: ಗಿಟ್ ಬಳಸಿ ಕಂಡದ್ದು

ಶಿರಸಿಯಲ್ಲಿ ಕೂತು ನಾನು ನೋಡಿಕೊಳ್ಳುವುದು ಅಡಿಕೆ ದರದ ಸೈಟು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಮಾರುಕಟ್ಟೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆ ಬಗೆಗಳು. ಒಂದೊಂದಕ್ಕೂ ದಿನಕ್ಕೊಂದು ಪುಟ. ಎಲ್ಲವೂ ಹ್ಯೂಗೋ ಎಂಬ ಸೈಟು ಕಟ್ಟುವ ತಂತ್ರಾಂಶದ ಟೆಂಪ್ಲೇಟಿನಿಂದ ಹುಟ್ಟುವಂಥವು. ಫೈಲುಗಳ ಬದಲಾವಣೆಯ ದಾಖಲೆ ಇಡುವುದು ಗಿಟ್ ಎಂಬ ತಂತ್ರಾಂಶ. ಸೈಟು ನನ್ನ ಕೈಗೆ ಬಂದಾಗ ಅದರಲ್ಲಿ ಕಮಿಟ್ (ಬದಲಾವಣೆ ದಾಖಲಿಸುವ ಆಜ್ಞೆ) ಕೊಟ್ಟು ಕಷಾಯ ಕುಡಿದು ಬಂದರೂ ಅದು ಮುಗಿದಿರುತ್ತಿರಲಿಲ್ಲ.

ಗಿಟ್ಟನ್ನು ಬೈದು ಪ್ರಯೋಜನವಿಲ್ಲ. ಅದು ಇಂಡೆಕ್ಸಿನಲ್ಲಿರುವ (ತಾನು ಗಮನಿಸುವ ಫೈಲುಗಳ ಪಟ್ಟಿ) ಪ್ರತಿ ಫೈಲಿನ ಗಾತ್ರ, ಸಮಯ ನೋಡುತ್ತದೆ. ಬದಲಾದದ್ದನ್ನು ಮಾತ್ರ ಓದಿ, ಹ್ಯಾಶ್ (ಒಳಗಿನದಕ್ಕೆ ತಕ್ಕ ಗುರುತಿನ ಸಂಖ್ಯೆ) ಹಾಕಿ, ಕುಗ್ಗಿಸಿ ಇಡುತ್ತದೆ. ನಮ್ಮಲ್ಲಿ ದಿನವೂ ಎಲ್ಲವೂ ಬದಲಾಗುತ್ತಿತ್ತು! ಹಿಂದೆ ಸೈಟು ಕಟ್ಟಿದವರು ಫೂಟರಿನಲ್ಲಿ ‘ಪುಟ ತಯಾರಾದ ಸಮಯ’ ಎಂಬ ಸಾಲು ಇಟ್ಟಿದ್ದರು. ಇವತ್ತಿನ ಚಾಲಿ ದರ ಒಂದು ಸೇರಿಸಿದರೆ 3 ವರ್ಷ ಹಳೆಯ ಬಿಳಿಗೋಟಿನ ಪುಟವೂ ಹೊಸದಾಗುತ್ತಿತ್ತು. ಆ ಸಾಲು ತೆಗೆದದ್ದರಿಂದ ಆದ ಲಾಭ ಮುಂದೆ ಯಾವ ಸೆಟ್ಟಿಂಗಿನಿಂದಲೂ ಆಗಲಿಲ್ಲ.

ಆಮೇಲೆ ಹ್ಯೂಗೋ ಕಟ್ಟಿದ ಪುಟಗಳಿರುವ ‘ಪಬ್ಲಿಕ್’ ಫೋಲ್ಡರನ್ನೇ ಗಿಟ್ಟಿನಿಂದ ಹೊರಗಿಟ್ಟೆವು. ಗಿಟ್‌ಇಗ್ನೋರಿನಲ್ಲಿ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿ) ಬರೆದರಷ್ಟೇ ಸಾಲದು, ಆಗಲೇ ಒಳಗಿರುವ ಫೈಲುಗಳನ್ನು ‘ಗಿಟ್ ಆರ್‌ಎಂ’ಗೆ ‘ಕ್ಯಾಶ್ಡ್’ ಆಯ್ಕೆ ಕೊಟ್ಟು ಬಿಡಿಸಬೇಕು. ಈಗ ಗಿಟ್ಟಿನಲ್ಲಿರುವುದು ಟೆಂಪ್ಲೇಟು ಮತ್ತು ದರದ ಡೇಟಾ ಮಾತ್ರ. ಪುಟ ಕಟ್ಟುವುದು ಸರ್ವರಿನ ಕೆಲಸ. ಹಳೆಯ ಇತಿಹಾಸದ ಭಾರ ಮಾತ್ರ ಹಾಗೇ ಉಳಿದಿದೆ. ಫಿಲ್ಟರ್‌ರೆಪೊ ಎಂಬ ಇತಿಹಾಸ ತಿದ್ದುವ ಸಾಧನ ಹಾಕಿ ತೊಳೆಯಬಹುದು, ಆದರೆ ಎಲ್ಲ ಕಮಿಟ್‌ಗಳ ಹ್ಯಾಶ್ ಬದಲಾಗುತ್ತದೆ, ಬೇಡವೆಂದು ಬಿಟ್ಟೆವು. ಹೊಸಬರಿಗೆ ಡೆಪ್ತ್ 1ರ ಕ್ಲೋನ್ (ಕೊನೆಯ ಕಮಿಟ್ ಮಾತ್ರದ ಪ್ರತಿ) ಸಾಕು. ಮಳೆಗಾಲದ ನಮ್ಮ ನೆಟ್ಟಿಗೆ ಅದೇ ಸರಿ.

ಡೇಟಾ ಫೈಲುಗಳೂ ಕಡಿಮೆಯೇನಿಲ್ಲವಾದ್ದರಿಂದ ಫೀಚರ್.ಮೆನಿಫೈಲ್ಸ್ ಎಂಬ ಗಿಟ್ ಸೆಟ್ಟಿಂಗ್ ಹಚ್ಚಿದೆ. ಅದು ಇಂಡೆಕ್ಸಿನಲ್ಲಿ ಫೈಲುಗಳ ಉದ್ದುದ್ದ ದಾರಿಗಳನ್ನು ಕುಗ್ಗಿಸಿಡುತ್ತದೆ, ಟ್ರ್ಯಾಕ್ ಆಗದ ಫೈಲುಗಳ ಹುಡುಕಾಟವನ್ನೂ ಕಡಿಮೆ ಮಾಡುತ್ತದೆ. 2022ರ ಗಿಟ್ 2.37 ಆವೃತ್ತಿಯಲ್ಲಿ ವಿಂಡೋಸ್, ಮ್ಯಾಕ್‌ಗೆ ಬಂದ ಎಫ್‌ಎಸ್‌ಮಾನಿಟರ್ ಇನ್ನೂ ಒಳ್ಳೆಯದು: ಯಾವ ಫೈಲು ಬದಲಾಯಿತೆಂದು ಆಪರೇಟಿಂಗ್ ಸಿಸ್ಟಮ್ಮೇ ಹೇಳುತ್ತದೆ, ಗಿಟ್ ಪ್ರತಿಯೊಂದನ್ನೂ ತಡಕಬೇಕಿಲ್ಲ. ನನ್ನ ತಕರಾರು ಒಂದೇ, ಇವೆರಡೂ ತಾವಾಗಿ ಆನ್ ಆಗಿರುವುದಿಲ್ಲ. ಹುಡುಕಿದವನಿಗಷ್ಟೇ ಸಿಗುತ್ತವೆ.

ಪ್ರಿ-ಕಮಿಟ್ ಹುಕ್ಕನ್ನೂ (ಕಮಿಟ್‌ಗೆ ಮುಂಚೆ ಓಡುವ ಸ್ಕ್ರಿಪ್ಟ್) ಒಮ್ಮೆ ತೆರೆದು ನೋಡಿ. ನಮ್ಮದು ಪ್ರತಿ ಸಲ ಇಡೀ ಸೈಟನ್ನು ತಪಾಸಣೆ ಮಾಡುತ್ತಿತ್ತು. ಬೇಸತ್ತ ಹುಡುಗರು ‘ನೋ ವೆರಿಫೈ’ ಆಯ್ಕೆ ಹಾಕಿ ತಪಾಸಣೆ ದಾಟಿಸುವುದನ್ನೇ ರೂಢಿ ಮಾಡಿಕೊಂಡಿದ್ದರು. ಈಗ ಸ್ಟೇಜ್ ಆದ, ಅಂದರೆ ಕಮಿಟ್‌ಗೆ ಆರಿಸಿಟ್ಟ ಫೈಲುಗಳನ್ನಷ್ಟೇ ನೋಡುತ್ತದೆ, ಯಾರೂ ದಾಟಿಸುವುದಿಲ್ಲ.

ನೂರಿನ್ನೂರು ಪುಟದ ಸೈಟಿದ್ದವರು ಎಫ್‌ಎಸ್‌ಮಾನಿಟರಿನ ಗೋಜಿಗೆ ಹೋಗಬೇಡಿ. ಹಿನ್ನೆಲೆಯಲ್ಲಿ ಡೀಮನ್ ಒಂದು ಸುಮ್ಮನೆ ಓಡುತ್ತಿರುತ್ತದೆ, ವ್ಯತ್ಯಾಸ ಕಣ್ಣಿಗೂ ಬೀಳುವುದಿಲ್ಲ.