ತಾಜ್ ಮಹಲಿಗೆ ಒಂದು ದಿನದ ರೈಲು ಪ್ರವಾಸ: ಪ್ಯಾಕೇಜೋ, ಸ್ವಂತ ಏರ್ಪಾಡೋ?

ದೆಹಲಿಯಿಂದ ಬೆಳಿಗ್ಗೆ ರೈಲು ಹತ್ತಿ ಆಗ್ರಾಕ್ಕೆ ಹೋಗಿ, ತಾಜ್ ಮಹಲ್ ನೋಡಿಕೊಂಡು ಅದೇ ದಿನ ಮರಳುವ ಪ್ರವಾಸವನ್ನು ನಾನು ಒಂದೇ ವರ್ಷದಲ್ಲಿ ಎರಡು ಸಲ ಮಾಡಬೇಕಾಯಿತು. ಫೆಬ್ರವರಿಯಲ್ಲಿ ಎಲ್ಲವೂ ಸೇರಿದ ಪ್ಯಾಕೇಜ್ ತೆಗೆದುಕೊಂಡು ಹೋದೆವು. ಅದರಲ್ಲಿ ಮುಖ್ಯವಾದದ್ದೇ ತಪ್ಪಿಹೋದದ್ದರಿಂದ ನವೆಂಬರಿನಲ್ಲಿ ರೈಲು ಟಿಕೆಟನ್ನು ನಾವೇ ಮಾಡಿಸಿ, ಬಾಗಿಲಲ್ಲಿ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡು ಹೋದೆವು. ಎರಡು ಸಲವೂ ಹೋದವರು ಅದೇ ಮೂವರು: ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತೆರಡು ವರ್ಷದ ನನ್ನ ಅವ್ವ. ಎರಡನೆಯ ರೀತಿಯೇ ಉತ್ತಮವೆಂಬುದರಲ್ಲಿ ನನಗೆ ಸಂಶಯವಿಲ್ಲ. ಏಕೆಂಬುದನ್ನು ವಿವರವಾಗಿ ಬರೆಯುತ್ತಿರುವುದು, ವಯಸ್ಸಾದವರನ್ನು ಕರೆದುಕೊಂಡು ಉತ್ತರಕ್ಕೆ ಹೋಗುವ ನಮ್ಮವರಿಗೆ ಇದರಿಂದ ಒಂದು ದಿನ ಉಳಿಯಬಹುದೆಂದು.

ನಾವು ವಿಜಯಪುರದವರು. ಅವ್ವ ಗೋಲಗುಮ್ಮಟದ ನೆರಳಲ್ಲಿ ಬೆಳೆದವಳು. ತಾಜ್ ಸಮುಚ್ಚಯದ ಕೆಲಸ ಮುಗಿದದ್ದು 1653ರಲ್ಲಿ. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಹೀಗೆ ಎರಡೂ ಒಂದೇ ಕಾಲದ ಕಟ್ಟಡಗಳು. ಎರಡರಲ್ಲಿಯೂ ಜನರು ನೋಡುವುದು ಮೇಲಿನ ತೋರಿಕೆಯ ಗೋರಿಗಳನ್ನು; ನಿಜವಾದ ಸಮಾಧಿಗಳು ಅವುಗಳ ಕೆಳಗೆ ನೆಲಮಾಳಿಗೆಯಲ್ಲಿವೆ. ಈ ಸಂಗತಿ ಅವ್ವನಿಗೆ ಮೊದಲೇ ಗೊತ್ತಿತ್ತು. ನೋಯ್ಡಾದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗುವುದು ನಿಶ್ಚಯವಾದಾಗಿನಿಂದ ಆಕೆ ಕೇಳಿದ್ದು ಒಂದೇ, ಬಾದಶಹನ ಮತ್ತು ಬೇಗಮಳ ಗೋರಿಗಳನ್ನು ಒಳಗೆ ಹೋಗಿ ನೋಡಬೇಕೆಂದು.

ಮೊದಲನೆಯ ಪ್ರವಾಸಕ್ಕೆ ತಲೆಗೆ 5,200 ರೂಪಾಯಿ ಕೊಟ್ಟೆವು. ಅದರಲ್ಲಿ ಗತಿಮಾನ್ ಎಕ್ಸ್‌ಪ್ರೆಸ್‌ನ ಹೋಗಿಬರುವ ಟಿಕೆಟ್, ಆಗ್ರಾದಲ್ಲಿ ಎ.ಸಿ. ವ್ಯಾನು, ಗೈಡ್, ಮಧ್ಯಾಹ್ನದ ಊಟ ಮತ್ತು ಪ್ರವೇಶ ಶುಲ್ಕ ಎಲ್ಲವೂ ಸೇರಿವೆ ಎಂದು ವಿವರದಲ್ಲಿ ಬರೆದಿತ್ತು. ರೈಲಿನ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಈ ಗಾಡಿ ಗಂಟೆಗೆ 160 ಕಿಲೋಮೀಟರ್‌ವರೆಗಿನ ವೇಗದಲ್ಲಿ ಓಡಿ, ಹಜರತ್ ನಿಜಾಮುದ್ದೀನ್‌ನಿಂದ ಆಗ್ರಾ ಕಂಟೋನ್ಮೆಂಟಿಗೆ ನೂರು ನಿಮಿಷಗಳಲ್ಲಿ ತಲುಪಿಸುತ್ತದೆ. ತಿಂಡಿಯ ತಟ್ಟೆಯನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಮಥುರಾ ದಾಟಿರುತ್ತದೆ. ನಿಲ್ದಾಣದಲ್ಲಿ ನಮ್ಮ ಹೆಸರಿನ ಫಲಕ ಹಿಡಿದು ಒಬ್ಬರು ನಿಂತಿದ್ದರು. ಗೊತ್ತಿಲ್ಲದ ಊರಿನಲ್ಲಿ ಅದೊಂದು ದೊಡ್ಡ ನೆಮ್ಮದಿಯೆಂಬುದನ್ನು ಒಪ್ಪುತ್ತೇನೆ.

ತೊಂದರೆ ಆರಂಭವಾದದ್ದು ಅಲ್ಲಿಂದ ಮುಂದೆ. ಗಾಡಿ 9.50ಕ್ಕೆ ಬಂದರೂ, ಬೇರೆ ಬೋಗಿಗಳಿಂದ ಇಳಿದ ಹದಿನಾಲ್ಕು ಮಂದಿಯನ್ನು ಒಟ್ಟುಗೂಡಿಸಿ ವ್ಯಾನು ಹೊರಡುವಾಗ ಹತ್ತೂಕಾಲು ದಾಟಿತ್ತು. ತಾಜ್‌ನ ಪೂರ್ವದ ಬಾಗಿಲಿನ ತಪಾಸಣೆ ಮುಗಿಸಿ ಒಳಗೆ ಕಾಲಿಟ್ಟಾಗ ಹನ್ನೊಂದು. ಗೈಡ್ ತಿಳಿವಳಿಕೆಯುಳ್ಳವರೇ ಆಗಿದ್ದರು. ಆದರೆ ಹದಿನಾಲ್ಕು ಮಂದಿಗೆ ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಅವರು ಮುಂದೆ ಹೋಗಿಬಿಡುತ್ತಿದ್ದರು. ಅದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗುಂಪು ಮುಂದಿನ ಕಟ್ಟೆಯ ಬಳಿ ಇರುತ್ತಿತ್ತು. ಮೊಣಕಾಲು ನೋವಿರುವ ಅವ್ವ ಕೇಳುವುದನ್ನು ಬಿಟ್ಟು, ಗೈಡ್ ಎತ್ತಿ ಹಿಡಿದ ಕೆಂಪು ಕೊಡೆಯನ್ನಷ್ಟೇ ನೋಡಿಕೊಂಡು ನಡೆದಳು.

ಮುಖ್ಯ ಕಟ್ಟಡದ ಜಗಲಿಗೆ ಹತ್ತುವ ಮೆಟ್ಟಿಲ ಬಳಿ ನಮ್ಮನ್ನು ತಡೆದರು. ಭಾರತೀಯರಿಗೆ ತಾಜ್‌ನ ಪ್ರವೇಶ ಶುಲ್ಕ 50 ರೂಪಾಯಿ. ಗೋರಿಗಳಿರುವ ಮುಖ್ಯ ಕಟ್ಟಡಕ್ಕೆ ಹೋಗಬೇಕಾದರೆ ಅದರ ಮೇಲೆ 200 ರೂಪಾಯಿಯ ಇನ್ನೊಂದು ಟಿಕೆಟ್ ಬೇಕು. 2018ರ ಡಿಸೆಂಬರಿನಿಂದ ಈ ವ್ಯವಸ್ಥೆಯಿದೆ. ನಾನು ಅದಕ್ಕೂ ಮುಂಚೆ, 2017ರಲ್ಲಿ, ಮಗಳೊಡನೆ ಕಾರಿನಲ್ಲಿ ಬಂದಿದ್ದವನು; ಆಗ ಒಂದೇ ಟಿಕೆಟಿನಲ್ಲಿ ಒಳಗೆ ಹೋಗಿ ಬಂದಿದ್ದೆ. ಪ್ಯಾಕೇಜಿನಲ್ಲಿ ‘ಪ್ರವೇಶ ಶುಲ್ಕ ಸೇರಿದೆ’ ಎಂಬುದರ ಅರ್ಥ 50 ರೂಪಾಯಿಯ ಟಿಕೆಟ್ ಮಾತ್ರ ಎಂದು ನನಗೆ ಹೊಳೆದಿರಲಿಲ್ಲ, ಹೇಳಬೇಕಾಗಿದ್ದವರು ಹೇಳಲೂ ಇಲ್ಲ. ನಾನೇ ಹೋಗಿ ಆ ಟಿಕೆಟ್ ತರುತ್ತೇನೆಂದರೆ, ಸಮಯವಿಲ್ಲ, ಊಟಕ್ಕೆ ಹೋಟೆಲಿನಲ್ಲಿ ಕಾಯುತ್ತಿದ್ದಾರೆ ಎಂದು ಗೈಡ್ ಹೇಳಿದರು. ಆಗ ಹನ್ನೆರಡೂಕಾಲು. ತಾಜ್‌ನ ಟಿಕೆಟಿನಲ್ಲಿ ಮೂರು ಗಂಟೆ ಒಳಗಿರಲು ಅವಕಾಶವಿದೆ. ನಮಗೆ ಸಿಕ್ಕಿದ್ದು ಒಂದೂವರೆ ಗಂಟೆ. ಅವ್ವ ಆ ಬಿಳಿಯ ಗೋಡೆಯನ್ನು ಕೆಳಗಿನಿಂದಲೇ ನೋಡಿ, ಸೆರಗು ಸರಿಪಡಿಸಿಕೊಂಡು ಹಿಂತಿರುಗಿದಳು.

ಉಳಿದ ಸಮಯ ಎಲ್ಲಿಗೆ ಹೋಯಿತೆಂದು ಆ ರಾತ್ರಿ ಕುಳಿತು ಲೆಕ್ಕ ಬರೆದೆ. ಊಟಕ್ಕೆ ಒಂದು ಗಂಟೆ. ಅನಂತರ ಅಮೃತಶಿಲೆಯ ಕೆತ್ತನೆಯ ವಸ್ತುಗಳನ್ನು ಮಾರುವ ದೊಡ್ಡ ಮಳಿಗೆಯೊಂದರಲ್ಲಿ 55 ನಿಮಿಷ. ಆಗ್ರಾ ಕೋಟೆಯಲ್ಲಿ 35 ನಿಮಿಷ. ಪೇಠಾ ಎಂಬ ಬೂದುಗುಂಬಳದ ಸಿಹಿತಿಂಡಿ ಮತ್ತು ಚರ್ಮದ ಚಪ್ಪಲಿಗಳ ಅಂಗಡಿಯಲ್ಲಿ 25 ನಿಮಿಷ. ಇಷ್ಟೆಲ್ಲ ಮುಗಿಸಿ 4.46ಕ್ಕೆ ನಿಲ್ದಾಣ ತಲುಪಿದೆವು. ರೈಲು ಇದ್ದದ್ದು 5.50ಕ್ಕೆ. ಸಮಾಧಿಯ ಒಳಗೆ ಹೋಗಲು ಸಮಯವಿಲ್ಲವೆಂದವರು ನಮ್ಮನ್ನು ಒಂದು ಗಂಟೆ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ಕುಳಿತು ಅವ್ವ ಹೇಳಿದಳು: “ಗೋರಿ ನೋಡ್ಲಾರದ ಗೋಲಗುಮ್ಮಟಕ್ಕ ಹೋಗಿ ಬಂದ್ಹಂಗ ಆತಲ್ಲಪಾ.”

ಮಳಿಗೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇದು ಒಂದು ಕಂಪನಿಯ ದೋಷವಷ್ಟೇ ಅಲ್ಲ, ಅಲ್ಲಿಯ ಪ್ರವಾಸ ವ್ಯವಹಾರದಲ್ಲಿ ಬೇರುಬಿಟ್ಟ ರೂಢಿ. ಬಾಗಿಲ ಬಳಿಯೇ ಒಬ್ಬ ಹಿರಿಯ ಕಸುಬುದಾರ ನೆಲದ ಮೇಲೆ ಕುಳಿತು, ಒಂದು ಕೈಯಿಂದ ಸಾಣೆಯ ಚಕ್ರವನ್ನು ಬಿಲ್ಲಿನಂಥ ಕೋಲಿನಿಂದ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಕೆಂಪು ಕಲ್ಲನ್ನು ಹಿಡಿದು ಹೂವಿನ ಎಸಳಿನ ಆಕಾರಕ್ಕೆ ತರುತ್ತಿದ್ದರು. ಆ ಬೆರಳಿನ ಉಗುರು ಕಲ್ಲಿನ ಜೊತೆಗೇ ಸವೆದು ಓರೆಯಾಗಿತ್ತು. ತಾಜ್‌ನ ಗೋಡೆಗಳ ಮೇಲಿನ ಹೂಬಳ್ಳಿಗಳನ್ನು ಕೂರಿಸಿದ್ದು, ಅಮೃತಶಿಲೆಯಲ್ಲಿ ಬಣ್ಣದ ಕಲ್ಲುಗಳನ್ನು ಹುದುಗಿಸುವ ಇದೇ ಪಚ್ಚೀಕಾರಿ ವಿದ್ಯೆಯಿಂದ. ಆ ಕೆಲಸವನ್ನು ನೋಡಿದ ಐದು ನಿಮಿಷ ನನಗೆ ಇಡೀ ದಿನದಲ್ಲೇ ಬೆಲೆಯುಳ್ಳ ಸಮಯ. ಆದರೆ ಅನಂತರ ನಮ್ಮನ್ನು ಒಳಗಿನ ಕೋಣೆಗೆ ಕರೆದೊಯ್ದು, ಚಹಾ ಕೊಟ್ಟು, ದೀಪ ಆರಿಸಿ ಮೇಜಿನ ಹಲಗೆಯ ಕೆಳಗಿನಿಂದ ಬೆಳಕು ಹಾಯಿಸಿ ಕಲ್ಲು ಕೆಂಡದಂತೆ ಹೊಳೆಯುವುದನ್ನು ತೋರಿಸಿ, ಒಂದರ ಹಿಂದೊಂದು ತಟ್ಟೆ, ಡಬ್ಬಿ, ಮೇಜುಗಳ ಬೆಲೆ ಹೇಳತೊಡಗಿದರು. ಹೊರಗೆ ಬಂದು ನೋಡಿದರೆ ವ್ಯಾನು ಅಲ್ಲಿರಲಿಲ್ಲ. ಚಾಲಕ ಊಟಕ್ಕೆ ಹೋಗಿದ್ದಾನೆ ಎಂಬ ಉತ್ತರ ಸಿಕ್ಕಿತು. ಹದಿನಾಲ್ಕು ಮಂದಿಯಲ್ಲಿ ಇಬ್ಬರು ಏನಾದರೂ ಕೊಳ್ಳುವವರೆಗೆ ಆ ವ್ಯಾನು ಬರಲಿಲ್ಲ. ಹೀಗೆ ಕರೆತಂದವರಿಗೆ ಅಂಗಡಿಯವರು ಕಮಿಷನ್ ಕೊಡುವುದು ಎಲ್ಲರೂ ಬಲ್ಲ ವಿಷಯ. ಆ ಹಣ ಕೊಳ್ಳುವವನ ಜೇಬಿನಿಂದಲೇ ಹೋಗುತ್ತದೆ. ನಮ್ಮಂಥ ಕೊಳ್ಳದವರು ಅದನ್ನು ಸಮಯದಿಂದ ತೆರುತ್ತೇವೆ. ಪ್ಯಾಕೇಜ್ ತೆಗೆದುಕೊಳ್ಳಲೇಬೇಕಾದವರು ‘ಯಾವ ಅಂಗಡಿಗೂ ಹೋಗುವುದಿಲ್ಲ’ ಮತ್ತು ‘ಮುಖ್ಯ ಸಮಾಧಿಯ 200 ರೂಪಾಯಿ ಟಿಕೆಟ್ ಸೇರಿದೆ’ ಎಂಬ ಎರಡು ಮಾತುಗಳನ್ನು ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.

ನವೆಂಬರಿನಲ್ಲಿ ನಾವು ಮಾಡಿದ ಏರ್ಪಾಡು ಹೀಗಿತ್ತು. ಹೋಗಲು ನವದೆಹಲಿಯಿಂದ ಬೆಳಿಗ್ಗೆ 6ಕ್ಕೆ ಹೊರಡುವ ಭೋಪಾಲ್ ಕಡೆಯ ಶತಾಬ್ದಿ, ಬರಲು ಸಂಜೆಯ ಗತಿಮಾನ್. ಈ ಜೋಡಣೆಯಲ್ಲಿಯೇ ಎಲ್ಲ ಲಾಭವೂ ಇದೆ. ಶತಾಬ್ದಿ ಗತಿಮಾನ್‌ಗಿಂತ ಎರಡು ಗಂಟೆ ಮೊದಲು, ಎಂಟರೊಳಗೆ ಆಗ್ರಾ ಮುಟ್ಟಿಸುತ್ತದೆ. ಅದರ ಮರುಪ್ರಯಾಣದ ಗಾಡಿಯನ್ನೇ ಹಿಡಿದರೆ ದೆಹಲಿ ಸೇರುವಾಗ ರಾತ್ರಿ ಬಹಳವಾಗುತ್ತದೆ, ಗತಿಮಾನ್ ಹಿಡಿದರೆ ಏಳೂವರೆಗೆ ನಿಜಾಮುದ್ದೀನ್‌ನಲ್ಲಿ ಇಳಿಯಬಹುದು. ಕಷ್ಟವಿರುವುದು ಬೆಳಿಗ್ಗೆಯೇ: ನೋಯ್ಡಾದಿಂದ ನವದೆಹಲಿ ನಿಲ್ದಾಣಕ್ಕೆ ನಾಲ್ಕೂವರೆಗೆ ಟ್ಯಾಕ್ಸಿ ಹಿಡಿಯಬೇಕಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ನಾಲ್ಕಕ್ಕೆ ಏಳುವವರಾದ್ದರಿಂದ ಅದು ನಮಗೆ ಭಾರವಾಗಲಿಲ್ಲ. ಬೆಳಿಗ್ಗೆ ಏಳಲಾಗದವರಿಗೆ ಈ ಸಲಹೆ ಒಗ್ಗುವುದಿಲ್ಲ.

ನಿಲ್ದಾಣದ ಹೊರಗಿನ ಪ್ರಿಪೇಯ್ಡ್ ಕೌಂಟರಿನಲ್ಲಿ ಚೀಟಿ ಮಾಡಿಸಿ ಆಟೋ ಹಿಡಿದೆವು. ಪೆಟ್ರೋಲ್ ವಾಹನಗಳನ್ನು ತಾಜ್‌ನ ಹತ್ತಿರಕ್ಕೆ ಬಿಡುವುದಿಲ್ಲವಾದ್ದರಿಂದ ಕೊನೆಯ ಸ್ವಲ್ಪ ದೂರಕ್ಕೆ ಬ್ಯಾಟರಿ ಗಾಡಿ ಸಿಗುತ್ತದೆ. ತಲೆಗೆ 250 ರೂಪಾಯಿಯ ಟಿಕೆಟನ್ನು ಹಿಂದಿನ ರಾತ್ರಿಯೇ ಮಗಳು ಆನ್‌ಲೈನಿನಲ್ಲಿ ಮಾಡಿಸಿದ್ದಳು. ಚೀಲವನ್ನೇ ಒಯ್ಯಲಿಲ್ಲ, ತಿನ್ನುವ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ರೈಲಿನಲ್ಲಿ ಕೊಟ್ಟ ಬಿಸ್ಕತ್ತಿನ ಪೊಟ್ಟಣವೂ ತಪಾಸಣೆಯಲ್ಲಿ ತಡೆಯಾಗುತ್ತದೆ.

ಗೈಡ್‌ಗಳೆಂದು ಹೇಳಿಕೊಂಡು ಐದಾರು ಮಂದಿ ಮುತ್ತಿಕೊಂಡರು. ಸರ್ಕಾರದ ಪರವಾನಗಿಯುಳ್ಳವರ ಬಳಿ ಫೋಟೋ ಇರುವ ಗುರುತಿನ ಚೀಟಿ ಇರುತ್ತದೆ. ಅದನ್ನು ಕೇಳಿದಾಗ ಇಬ್ಬರು ಉಳಿದರು. ಅವರಲ್ಲಿ ವಯಸ್ಸಾದವರನ್ನು ಆರಿಸಿ, ಎರಡು ಗಂಟೆಗೆ 1,500 ರೂಪಾಯಿ, ತಾಜ್ ಮಾತ್ರ, ಅಂಗಡಿ ಇಲ್ಲ ಎಂದು ಮೊದಲೇ ಮಾತಾಡಿಕೊಂಡೆವು. ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿ ಮುಗಿಸುವವರೆಗೆ ಅವರು ಕಾದು ನಿಲ್ಲುತ್ತಿದ್ದರು. ಎರಡನೆಯ ಪ್ರವಾಸ ಚೆನ್ನಾಗಿ ಆದದ್ದಕ್ಕೆ ಇದೊಂದೇ ಕಾರಣ ಸಾಕು. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನನ್ನೂ ಬದಿಗಿಟ್ಟು, ಅವ್ವನಿಗೆ ಕೈಸನ್ನೆಯಲ್ಲಿಯೇ ತೋರಿಸತೊಡಗಿದರು. ದೊಡ್ಡ ಬಾಗಿಲಿನೊಳಗೆ ನಿಲ್ಲಿಸಿ, ಹಿಂದಕ್ಕೆ ಹೆಜ್ಜೆ ಹಾಕಿಸಿದರು. ಹಿಂದೆ ಸರಿದಷ್ಟೂ ಕಮಾನಿನ ಚೌಕಟ್ಟಿನಲ್ಲಿ ತಾಜ್ ದೊಡ್ಡದಾಗುತ್ತ ಬರುವಂತೆ ಕಾಣುತ್ತದೆ. ಬಾಗಿಲಿನ ಸುತ್ತಲಿನ ಅಕ್ಷರಗಳು ಮೇಲಕ್ಕೆ ಹೋದಂತೆ ದೊಡ್ಡದಾಗಿರುವುದರಿಂದಲೇ ಕೆಳಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಅಳತೆಯಲ್ಲಿ ಕಾಣುತ್ತವೆಂಬುದನ್ನು ಎರಡು ಬೆರಳುಗಳ ನಡುವಿನ ಅಂತರದಿಂದಲೇ ಅರ್ಥ ಮಾಡಿಸಿದರು.

ಒಳಗೆ ಅಮೃತಶಿಲೆಯ ಜಾಲಂಧ್ರದ ಹಿಂದೆ, ಸರಿಯಾಗಿ ನಡುವೆ ಮುಮ್ತಾಜಳ ಗೋರಿ. ಅದರ ಪಕ್ಕದಲ್ಲಿ, ಒಂದು ಬದಿಗೆ ಸರಿದಂತೆ, ಶಾಹ ಜಹಾನನದು. ಎಡಬಲ ಎಲ್ಲವೂ ಸಮನಾಗಿರುವ ಆ ಕಟ್ಟಡದಲ್ಲಿ ಸಮತೋಲ ತಪ್ಪಿದ್ದು ಅದೊಂದೇ. ಅವ್ವ ಜಾಲಂಧ್ರ ಹಿಡಿದು ಬಹಳ ಹೊತ್ತು ನಿಂತಳು. ಹಿಂದಿನವರು ಮುಂದೆ ಸರಿಯಲು ಹೇಳಿದಾಗ, ಗೈಡ್ ಅವಳ ಪಕ್ಕಕ್ಕೆ ನಿಂತು ಜಾಗ ಮಾಡಿಕೊಟ್ಟರು.

ಅನಂತರ ಕೋಟೆಯಲ್ಲಿ ಎರಡು ಗಂಟೆ ಇದ್ದೆವು, ಗೈಡ್ ಇಲ್ಲದೆ. ಮಗನ ಸೆರೆಯಲ್ಲಿ 1658ರಿಂದ 1666ರವರೆಗೆ ಶಾಹ ಜಹಾನ್ ಕಳೆದ ಕೊನೆಯ ವರ್ಷಗಳ ಕಥೆ ಗೊತ್ತಿದ್ದವರಿಗೆ, ಯಮುನೆಯ ತಿರುವಿನ ಆಚೆ ತಾಜ್ ಕಾಣುವ ಆ ಮೂಲೆಯಲ್ಲಿ ಯಾರ ವಿವರಣೆಯೂ ಬೇಕಾಗುವುದಿಲ್ಲ. ಊಟ ಸಾಧಾರಣ ಹೋಟೆಲಿನಲ್ಲಿ ಆಯಿತು, ಪ್ಯಾಕೇಜಿನ ಬಫೆಗಿಂತ ಬಿಸಿಯಾಗಿತ್ತು. ಪೇಠಾ ನಿಲ್ದಾಣದ ಬಳಿಯೇ ಕೊಂಡೆವು.

ಖರ್ಚು ತಲೆಗೆ ಸುಮಾರು 2,700 ರೂಪಾಯಿ ಬಿತ್ತು, ಮುಂಜಾನೆಯ ಟ್ಯಾಕ್ಸಿ ಸೇರಿ. ಪ್ಯಾಕೇಜಿನ ಅರ್ಧದಷ್ಟು.

ಕಾರಿನ ಬಗ್ಗೆ ಒಂದು ಮಾತು. ಯಮುನಾ ಎಕ್ಸ್‌ಪ್ರೆಸ್‌ವೇ ಚೆನ್ನಾಗಿದೆ, ನೋಯ್ಡಾದಲ್ಲಿರುವವರಿಗೆ ಮನೆಬಾಗಿಲಿನಿಂದಲೇ ಹೊರಡುವ ಅನುಕೂಲವಿದೆ. ಆದರೆ ಹೋಗಿಬರುವ ಏಳೆಂಟು ಗಂಟೆ ಕುಳಿತ ಸೀಟಿನಲ್ಲೇ ಇರುವುದು ಮೊಣಕಾಲು ನೋವಿನವರಿಗೆ ಹಿಂಸೆ. ರೈಲಿನಲ್ಲಿ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಡಿಸೆಂಬರ್ ಮತ್ತು ಜನವರಿಯಲ್ಲಿ ಮಂಜಿನ ಕಾರಣಕ್ಕೆ ರಸ್ತೆಯೂ ಅಪಾಯ, ರೈಲುಗಳೂ ತಡ. ಆ ಎರಡು ತಿಂಗಳು ಒಂದು ದಿನದ ಪ್ರವಾಸವನ್ನೇ ಇಟ್ಟುಕೊಳ್ಳಬಾರದು. ಶುಕ್ರವಾರ ತಾಜ್ ಮುಚ್ಚಿರುತ್ತದೆ.

ಹಿಂದಿ ಅಥವಾ ಇಂಗ್ಲಿಷ್ ಬಲ್ಲವರು ಗುಂಪಿನಲ್ಲಿ ಒಬ್ಬರೂ ಇಲ್ಲದಿದ್ದರೆ, ಅಥವಾ ಫೋನಿನಲ್ಲಿ ಟಿಕೆಟ್ ಮಾಡಿಸಿಕೊಡುವವರಿಲ್ಲದಿದ್ದರೆ, ಮೇಲೆ ಹೇಳಿದ ಎರಡು ಷರತ್ತುಗಳೊಂದಿಗೆ ಪ್ಯಾಕೇಜೇ ಆಗಬಹುದು. ನಮ್ಮ ಮನೆಯಲ್ಲಂತೂ ಮುಂದಿನ ಏರ್ಪಾಡು ಆಗಿದೆ. ಬರುವ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಅಕ್ಕ ಮತ್ತು ಮಾಮಾ ಬರುವವರಿದ್ದಾರೆ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಗೆ ಹೋಗುವ ದಾರಿಯಲ್ಲಿ ಆಗ್ರಾ ಕಂಟೋನ್ಮೆಂಟಿನಲ್ಲಿಯೇ ನಿಲ್ಲುವುದರಿಂದ, ಅವರಿಗೆ ಅಲ್ಲಿಯವರೆಗೆ ಟಿಕೆಟ್ ಮಾಡಿಸಿ, ಲಗೇಜನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು, ತಾಜ್ ನೋಡಿಕೊಂಡು ಸಂಜೆಯ ಗತಿಮಾನ್‌ನಲ್ಲಿ ದೆಹಲಿಗೆ ಬರುವಂತೆ ಹೇಳಿದ್ದೇನೆ. 250 ರೂಪಾಯಿಯ ಟಿಕೆಟನ್ನು ಹಿಂದಿನ ರಾತ್ರಿ ಮಗಳು ಮಾಡಿಸುತ್ತಾಳೆ.